ನೀಲಿ ಮಖಮಲ್ಲಿನ ಹಿಡಿತ

ಬೆನ್ನಿನ ಮೂರನೆಯ ಕೊಕ್ಕೆ ಕೂಡಲಿಲ್ಲ. ಅಂದಿನ ಅನರ್ಥಕ್ಕೆಲ್ಲ ಅದೇ ಮೂಲ.

ನಾಟಕ ತಂಡದ ಉಡುಪುಗಳನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತನಾಲ್ಕು, ಹಲ್ಲುಗಳ ನಡುವೆ ಸದಾ ನಾಲ್ಕು ಗುಂಡುಸೂಜಿ, ಕೊರಳಲ್ಲಿ ಅಳತೆಯ ಟೇಪು. ಇಪ್ಪತ್ತು ವರ್ಷಗಳಲ್ಲಿ ಅವಳ ಅಳತೆ ಒಮ್ಮೆಯೂ ತಪ್ಪಿದ್ದಿಲ್ಲ. ಅಂಥವಳು ಈಗ ನಾಯಕಿಯ ಬೆನ್ನ ಹಿಂದೆ ನಿಂತು ನೀಲಿ ಮಖಮಲ್ಲಿನ ನಿಲುವಂಗಿಯ ಎರಡು ಅಂಚುಗಳನ್ನು ಜಗ್ಗುತ್ತಿದ್ದಳು. ಅವೋ, ಜಗಳವಾಡಿದ ವಾರಗಿತ್ತಿಯರ ಹಾಗೆ ಹತ್ತಿರ ಬರಲೊಲ್ಲವು.

"ಅಯ್ಯೋ, ನೋಯ್ತಿದೆ ಅಕ್ಕಾ, ಬಿಡಿ!" ನಾಯಕಿ ಎರಡೂ ಕೈಯಿಂದ ಎದೆ ಹಿಡಿದುಕೊಂಡಳು.

"ಮೂರು ವಾರದ ಹಿಂದೆ ಅಳತೆ ತಗೊಂಡಾಗ ಒಳಗೆ ಎರಡು ಬೆರಳು ಓಡಾಡ್ತಿತ್ತು ಕಣೇ. ಅಷ್ಟರಲ್ಲಿ ಏನು ತಿಂದೆ?"

"ನಂಗೇನೂ ಸೇರ್ತಾನೇ ಇಲ್ಲ. ಸೊಂಟದ ಹತ್ರ ನೋಡಿ, ಸಡಿಲವಾಗೇ ಇದೆ. ಎದೆ ಮಾತ್ರ ಹಿಡೀತಿದೆ."

ಮಾತು ನಿಜ. ಸೂಜಿಯಕ್ಕ ಟೇಪು ಹಿಡಿಯಲು ಹೋದರೆ ನಾಯಕಿ ಕೆಂಡ ಸೋಕಿದವಳಂತೆ ಹಿಂದೆ ಸರಿದಳು. ಸಂಜೆ ಆರಕ್ಕೆ ಮೊದಲ ಪ್ರದರ್ಶನ. ವಾದಕ್ಕೆ ಹೊತ್ತಿಲ್ಲವೆಂದು ಸೂಜಿಯಕ್ಕ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟಳು.

ಆ ನಿಲುವಂಗಿ ಹೊಸದಲ್ಲ. ರಂಗಮಂದಿರದ ಅಟ್ಟದ ಪೆಟ್ಟಿಗೆಯಲ್ಲಿ ನಿರ್ದೇಶಕರಿಗೆ ಸಿಕ್ಕಿದ್ದು. "ಹೊಸ ಬಟ್ಟೆ ಯಾಕ್ರೀ? ಇದಕ್ಕೊಂದು ಜೀವ ಇದೆ" ಎಂದು ಅವರು ಮುಚ್ಚಟೆಯಿಂದ ಸವರಿದ್ದರು.

ಮಧ್ಯಾಹ್ನ ತಾಲೀಮಿನಲ್ಲಿ ರಾಜ ರಾಣಿಯನ್ನು ಅಪ್ಪಿಕೊಂಡ. ರಾಣಿ ಮಂದಿರದ ಸೂರು ಕಿತ್ತುಹೋಗುವಂತೆ "ಅಮ್ಮಾ!" ಎಂದು ಚೀರಿದಳು.

"ಭೇಷ್! ಸಂಜೆಗೂ ಹೀಗೇ ಕೂಗಮ್ಮ" ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು.

"ನಾಟಕ ಅಲ್ಲ ಸಾರ್! ಗೌನು ನನ್ನ ಹಿಂಡ್ತಿದೆ!"

ಏಣಿಯ ತುದಿಯಲ್ಲಿ ದೀಪ ಕಟ್ಟುತ್ತಿದ್ದ ಲೈಟಿನವನು ಕೆಲಸ ಬಿಟ್ಟು ಕೆಳಗಿಳಿದ. ಊರ ಉಸಾಬರಿಯೆಲ್ಲ ಅವನಿಗೇ ಬೇಕು. "ನಾನು ಅವತ್ತೇ ಹೇಳ್ಬೇಕು ಅಂದ್ಕೊಂಡೆ. ಇದು ಹಿಂದೆ ಇದೇ ರಾಣಿ ಪಾತ್ರ ಮಾಡ್ತಿದ್ದ ಹಳೇ ನಾಯಕಿದು. ಕೊನೇ ಅಂಕದಲ್ಲಿ ಇದನ್ನ ಹಾಕ್ಕೊಂಡೇ ಬಿದ್ದು ಪ್ರಾಣ ಬಿಟ್ಟಳಂತೆ. ಬಿಚ್ಚೋಕೇ ಆಗ್ಲಿಲ್ಲವಂತೆ, ಬೆನ್ನಲ್ಲಿ ಕತ್ತರಿ ಹಾಕಿ ತೆಗೆದ್ರಂತೆ. ತನ್ನ ಪಾತ್ರ ಇನ್ನೊಬ್ಬಳು ಮಾಡಿದ್ರೆ ಯಾರಿಗೆ ಸಹಿಸುತ್ತೆ ಹೇಳಿ?"

"ಬಾಯಿ ಮುಚ್ಚೋ" ಎಂದರು ನಿರ್ದೇಶಕರು. ಆದರೆ ಒಂದು ಹೆಜ್ಜೆ ಹಿಂದೆ ಸರಿದೇ ಅಂದರು.

ಸೂಜಿಯಕ್ಕ ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ರಂಗದ ಕೆಳಗಿನ ತನ್ನ ಕೋಣೆಗೆ ಇಳಿದಳು. ಒಂದೇ ಬಲ್ಬು. ಸಾಲಾಗಿ ತೂಗುವ ಉಡುಪುಗಳು, ತಲೆಯಿಲ್ಲದ ಜನ ಸರತಿಯಲ್ಲಿ ನಿಂತಂತೆ. ಬೆಳಿಗ್ಗೆ ಗೋಡೆಗೆ ಮುಖ ಮಾಡಿಸಿ ಹೋಗಿದ್ದ ದರ್ಜಿಗೊಂಬೆ ಈಗ ಬಾಗಿಲ ಕಡೆ ಎದೆ ತಿರುಗಿಸಿ ನಿಂತಿತ್ತು. 'ನಾನೇ ತಿರುಗಿಸಿರ್ತೀನಿ' ಎಂದುಕೊಂಡಳು. ಈಚೆಗೆ ಮರೆವು ಬೇರೆ ಹೆಚ್ಚಾಗಿತ್ತು, ಕೂತಲ್ಲೇ ತೂಕಡಿಕೆ ಬೇರೆ.

ಅಸ್ತರು ಬಿಚ್ಚಿದಾಗ ಬೆನ್ನುದ್ದಕ್ಕೂ ಹಳೆಯ ಸೀಳು ಕಂಡಿತು. ಕತ್ತರಿಸಿ ಮತ್ತೆ ಸೇರಿಸಿದ್ದು. ಅದರೊಳಗೆ ದಾರದ ಜೊತೆಗೆ ಒಂದು ಬಿಳಿಗೂದಲು ಹೊಲಿದುಹೋಗಿತ್ತು. ಎಳೆದಳು. ಬಂತು. ಬರುತ್ತಲೇ ಇತ್ತು, ಮೊಳದುದ್ದ. ಸೂಜಿಯಕ್ಕನ ಹಲ್ಲಿನಿಂದ ನಾಲ್ಕೂ ಗುಂಡುಸೂಜಿ ನೆಲಕ್ಕುದುರಿದವು. ಆದರೂ ಕೆಲಸ ಕೆಲಸವೇ. ಇನ್ನರ್ಧ ಇಂಚು ಬಿಟ್ಟು ಅಳೆದಳು. ಬೆಳಿಗ್ಗೆಗಿಂತ ಪೂರ್ತಿ ಒಂದಿಂಚು ಹೆಚ್ಚು. ಮೇಲೆ ಹೋಗಿ ತೊಡಿಸಿದರೆ ಕೊಕ್ಕೆ ಕೂಡಿತೇನೋ ನಿಜ, ನಾಯಕಿ ಮಾತ್ರ ಬಟ್ಟೆ ಉಜ್ಜಿದರೂ ಉರಿಯುತ್ತದೆಂದು ಕಣ್ಣೀರಿಟ್ಟಳು. ಉಡುಪು ಸಡಿಲವಾದಷ್ಟೂ ಹಿಡಿತ ಬಿಗಿಯಾಗುತ್ತಿತ್ತು.

"ಇಪ್ಪತ್ತು ವರ್ಷದ ಅನುಭವ ಅಂತೀಯ, ಒಂದು ಎದೆ ಅಳತೆ ಬರಲ್ವಾ ನಿಂಗೆ?" ಎಂದು ನಿರ್ದೇಶಕರು ಎಲ್ಲರೆದುರು ಸೂಜಿಯಕ್ಕನ ಮೇಲೆ ಹರಿಹಾಯ್ದರು. "ಸಂಜೆ ಪರದೆ ಏಳದಿದ್ರೆ ನಾಳೆಯಿಂದ ನೀನು ಬರೋದೇ ಬೇಡ."

ಅವಳ ಕಣ್ಣು ತುಂಬಿತು. ಲೈಟಿನವನೇ ದಾರಿ ತೋರಿಸಿದ: "ತಪ್ಪಾಯ್ತು ಅಂತ ಕೇಳ್ಕೊಳ್ಳೋದೊಂದೇ ಉಪಾಯ."

ಹೀಗೆ ಮಧ್ಯಾಹ್ನ ನಾಲ್ಕಕ್ಕೆ ಬುದ್ಧಿವಂತರೆನಿಸಿಕೊಂಡವರೆಲ್ಲ ಗೊಂಬೆಗೆ ಹಾಕಿದ ನೀಲಿ ನಿಲುವಂಗಿಯ ಮುಂದೆ ಕೈಮುಗಿದು ನಿಂತರು. "ಕ್ಷಮಿಸಿ ಮೇಡಂ" ಎಂದ ರಾಜ. ನಿರ್ದೇಶಕರು ಗಂಟಲು ಸರಿಪಡಿಸಿಕೊಂಡು, "ನಿಮ್ಮ ಅಭಿನಯದ ಮುಂದೆ ಇವಳದು ಏನೂ ಅಲ್ಲ ತಾಯೀ" ಎಂದರು. ಆ ಕ್ಷಣ ಗೊಂಬೆಯ ಹೆಗಲಿಂದ ನಿಲುವಂಗಿ ಮೆಲ್ಲಗೆ, ಯಾರೋ ನಿಟ್ಟುಸಿರು ಬಿಟ್ಟಂತೆ, ನೆಲಕ್ಕೆ ಜಾರಿತು. ಮೊದಲು ಓಡಿದವರು ನಿರ್ದೇಶಕರು.

ಬಾಗಿಲಲ್ಲಿ ಅವರು ಡಿಕ್ಕಿ ಹೊಡೆದದ್ದು ದಾದಿಯಜ್ಜಿಗೆ. ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು, ಈಗ ತಂಡದಲ್ಲಿ ಮಾತು ಮರೆತವರಿಗೆ ಮರೆಯಿಂದ ಸಾಲು ಎತ್ತಿಕೊಡುತ್ತಿದ್ದ ಮುದುಕಿ. ಕತೆಯೆಲ್ಲ ಕೇಳಿದಳು. ದೆವ್ವದ ಕಡೆ ಕಣ್ಣೆತ್ತಿಯೂ ನೋಡದೆ ನಾಯಕಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಜೊತೆಗೆ ಸೂಜಿಯಕ್ಕನೂ ಹೋದಳು.

"ಭಾರ ಅನ್ಸುತ್ತಾ ಮಗಾ? ತುದೀಲಿ ಜುಮ್ ಜುಮ್ ಅನ್ನುತ್ತಾ?"

"ಹೂಂ. ಮುಟ್ಟಿನ ಮುಂಚೆ ಆಗೋ ಹಾಗೇ, ಆದ್ರೆ ಜಾಸ್ತಿ."

"ತೊಟ್ಟಿನ ಸುತ್ತ ಕಪ್ಪೇರಿದೆ. ನೀಲಿ ನರ ಎದ್ದು ಕಾಣ್ತಿವೆ. ದಿನ ಎಷ್ಟು ದಾಟಿದೆ?"

"ಹತ್ತು... ನಾಟಕದ ಗಡಿಬಿಡಿಗೆ ತಡ ಆಗಿದೆ ಅಂದ್ಕೊಂಡೆ."

"ಹೊಟ್ಟೆ ಗುಟ್ಟು ಬಿಡೋಕೆ ಮುಂಚೆ ಎದೆ ಚಾಡಿ ಹೇಳುತ್ತೆ ಕಣೇ" ಎಂದು ಅಜ್ಜಿ ನಕ್ಕಳು. "ಒಂದೊಂದ್ಸಲ ಸುಳ್ಳೂ ಹೇಳುತ್ತೆ, ಅದಕ್ಕೆ ಇದನ್ನೊಂದನ್ನೇ ನಂಬಬಾರದು. ಔಷಧದಂಗಡಿಯಿಂದ ಪರೀಕ್ಷೆ ಮಾಡೋದು ತರಿಸು."

ತರಲು ಹೋದವನು ಲೈಟಿನವನು. ಅಂಗಡಿಯಲ್ಲಿ ಯಾರಿಗೆ ಎಂದು ಕೇಳಿದ್ದಕ್ಕೆ ಗಾಬರಿಯಲ್ಲಿ "ನಂಗೇ" ಅಂದನಂತೆ. ಐದು ನಿಮಿಷದಲ್ಲಿ ಎರಡು ಗೆರೆ ಮೂಡಿದವು. ನಾಯಕಿ ಅತ್ತಳು, ನಕ್ಕಳು, ಗಂಡನಿಗೆ ಫೋನು ಮಾಡಿದಳು. ನಿರ್ದೇಶಕರು ತಾವು ದೆವ್ವವನ್ನು ಎಂದೂ ನಂಬಿದವರೇ ಅಲ್ಲ ಎಂದು ಎಲ್ಲರಿಗೂ ಎರಡೆರಡು ಸಲ ಹೇಳಿದರು. ಕೊಕ್ಕೆ ಹಾಕದೆ ಬಿಟ್ಟು ಮೇಲೊಂದು ಶಾಲು ಹೊದಿಸುವುದೆಂದು ತೀರ್ಮಾನವಾಯಿತು. "ನಿನ್ನ ಅಳತೆ ತಪ್ಪಿರ್ಲಿಲ್ಲ ಬಿಡಮ್ಮ" ಎಂದರು ಅವರು, ಸೂಜಿಯಕ್ಕನ ಮುಖ ನೋಡದೆ.

ಬೆಟ್ಟದಷ್ಟು ಭಾರ ಇಳಿದವಳಂತೆ ಸೂಜಿಯಕ್ಕ ಮೆಟ್ಟಿಲಿಳಿದಳು. ಶಾಲು ಎಲ್ಲಿಗೆ ಕೂರಬೇಕೆಂದು ನೋಡಲು ನಿಲುವಂಗಿಯನ್ನು ತಾನೇ ತೊಟ್ಟುಕೊಂಡಳು. ತಾನು ನಾಯಕಿಗಿಂತ ಎರಡು ಬೆರಳು ಸಣಕಲಿ. ಅದರ ಮೇಲೆ ಒಂದಿಂಚು ಬಿಟ್ಟಾಗಿದೆ. ಗೋಣಿಚೀಲದಂತೆ ಜೋಲಬೇಕು.

ಮೂರನೆಯ ಕೊಕ್ಕೆ ಕೂಡಲಿಲ್ಲ.

ಜಗ್ಗಿದಳು. ಎದೆಯಲ್ಲಿ ಛಳಕ್ ಎಂದಿತು.

ಶಾಲು ಕೇಳಿಕೊಂಡು ಇಳಿದು ಬಂದ ದಾದಿಯಜ್ಜಿ ಬಾಗಿಲಲ್ಲೇ ನಿಂತಳು. ಅವಳನ್ನು ಮೇಲಿನಿಂದ ಕೆಳಗೆ ನೋಡಿ ಮೆತ್ತಗೆ ಕೇಳಿದಳು: "ನಿಂಗೆ ಎಷ್ಟು ದಿನ ದಾಟಿದೆ?"

"ಎರಡು ತಿಂಗಳು... ವಯಸ್ಸಾಯ್ತಲ್ಲಜ್ಜೀ, ನಿಲ್ತಿದೆ ಅಂತ ಸುಮ್ನಿದ್ದೆ." ಸೂಜಿಯಕ್ಕ ಬೆರಳೆಣಿಸಿದಳು. "ಅಜ್ಜೀ, ಮುಂದಿನ ತಿಂಗಳು ನನ್ನ ಮಗಳು ಹೆರಿಗೆಗೆ ಬರ್ತಿದ್ದಾಳೆ!"

ಅಜ್ಜಿ ಸಾಲು ಎತ್ತಿಕೊಡಲಿಲ್ಲ. ಮೇಲೆ ನಾಟಕದ ಮೊದಲ ಗಂಟೆ ಹೊಡೆಯಿತು. ತಲೆಯಿಲ್ಲದ ಉಡುಪುಗಳೆಲ್ಲ ಕಿವಿಗೊಟ್ಟು ನಿಂತಂತಿತ್ತು. ಸೂಜಿಯಕ್ಕ ಎದೆಯ ಮೇಲಿನ ನೀಲಿ ಮಖಮಲ್ಲನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಜೀವಮಾನದಲ್ಲಿ ಯಾರನ್ನೂ ಬೇಡದಷ್ಟು ದೈನ್ಯದಿಂದ ಬೇಡಿಕೊಂಡಳು:

"ತಾಯೀ, ನಿನ್ನ ದಮ್ಮಯ್ಯ ಅಂತೀನಿ, ನೀನು ದೆವ್ವನೇ ಆಗಿರಮ್ಮ!"