ನಮ್ಮ ಪಂಚಾಯಿತಿಯೂ ಗಾಂಜಾ ಗಿಡವೂ

ಸರ್ಕಾರ ಒಂದು ಕಾನೂನಿನ ಬಗ್ಗೆ ಯೋಚಿಸುವ ಮೊದಲೇ ನಮ್ಮೂರಿನವರು ಅದರ ಸಾಧಕ ಬಾಧಕ ಚರ್ಚಿಸಿ ಮುಗಿಸಿರುತ್ತಾರೆ. ಮಲ್ಲಂದೂರು ಕಡೆಯ ಒಂದು ಪಂಚಾಯಿತಿಯಲ್ಲಿ ನಾನು ಪಿಡಿಒ. ಬೇರೆ ರಾಜ್ಯದಲ್ಲೆಲ್ಲೋ ಬಟ್ಟೆ, ಹಗ್ಗದ ನಾರಿಗೆಂದು ಗಾಂಜಾ ಜಾತಿಯ ಗಿಡ ಬೆಳೆಯಲು ಅನುಮತಿ ಸಿಕ್ಕಿತೆಂದು ಟೀವಿಯಲ್ಲಿ ಬಂದದ್ದೇ ತಡ, ಇಲ್ಲಿ ನನಗೆ ಕೆಲಸ ಶುರುವಾಯಿತು.

ಗ್ರಾಮಸಭೆ

ಗ್ರಾಮಸಭೆಯಲ್ಲಿ ಹಿರಿಯ ಪ್ಲಾಂಟರ್ ಒಬ್ಬರು ಎದ್ದು ನಿಂತರು. ಕಾಫಿ, ಮೆಣಸು ಬಿಟ್ಟು ಬೇರೆ ಮಾತಾಡಿದವರಲ್ಲ.

"ಅದು ನೆರಳಲ್ಲಿ ಬರುತ್ತಾ, ಇಲ್ಲ ಬಿಸಿಲು ಬೇಕಾ?"

"ಸಾರ್, ಬೆಳೆದ್ರೆ ಜೈಲು."

"ಅದು ಗೊತ್ತು ಮಾರಾಯ್ರೆ. ನಾಳೆ ಪರ್ಮಿಷನ್ ಬಂತು ಅಂತಿಟ್ಕೊಳ್ಳಿ. ಮರಗಸಿ ಮಾಡಿಸಿ, ಕೊಂಬೆ ಕಡಿಸಿ ತೋಟಕ್ಕೆ ಬಿಸಿಲು ಬಿಡಿಸ್ಬೇಕಲ್ಲ, ಅದಕ್ಕೆ ಈಗ್ಲೇ ಕೇಳ್ತಿರೋದು."

ನನಗೆ ಗೊತ್ತಿಲ್ಲ ಎಂದೆ. ಅವರಿಗೆ ಬೇಸರವಾಯಿತು.

"ಗೊತ್ತಿಲ್ಲ ಅಂದ್ರೆ ಹೇಗೆ? ಅಧಿಕಾರಿ ಅಂದ್ಮೇಲೆ ನೀವಾದ್ರೂ ಒಂದ್ಸಲ ಬೆಳೆದು ನೋಡ್ಬೇಕಲ್ವಾ?"

ಅಂಗಡಿಗೆ ಜಾಗ

ನಮ್ಮ ಅಧ್ಯಕ್ಷೆ ಮುಂದಾಲೋಚನೆಯವರು. ಮಗಳು ಊರಿನ ಶಾಲೆಯಲ್ಲೇ ಓದುತ್ತಿದ್ದಳು.

"ಪರ್ಮಿಷನ್ ಬಂದ ಮಾರನೇ ದಿನವೇ ಯಾರಾದ್ರೂ ಶಾಲೆ ಎದುರು ಗಾಂಜಾ ಅಂಗಡಿ ಇಟ್ರೆ ಏನ್ ಮಾಡ್ತೀರಿ? ಜಾಗ ಯಾವುದು ಅಂತ ನಾವೇ ಮೊದ್ಲು ತೀರ್ಮಾನ ಮಾಡೋಣ" ಎಂದರು.

ಸದಸ್ಯರೆಲ್ಲ ಸೇರಿ ಊರಿನ ನಕ್ಷೆ ಹರಡಿದೆವು. ಶಾಲೆ, ಅಂಗನವಾಡಿ ಹತ್ತಿರ ಬೇಡ. ದೇವಸ್ಥಾನ, ಮಸೀದಿ, ಚರ್ಚ್ ಹತ್ತಿರ ಬೇಡ. ಚೌಡಿಬನದ ಹತ್ತಿರ ಬೇಡವೇ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳು ನಿಲ್ಲುತ್ತಾರೆ. ಒಂದೊಂದರ ಸುತ್ತಲೂ ಗೆರೆ ಎಳೆಯುತ್ತ ಹೋದರೆ ಕೊನೆಗೆ ಉಳಿದದ್ದು ಸ್ಮಶಾನ ಒಂದೇ. ಅಲ್ಲಿಗೋ ರಸ್ತೆಯಿಲ್ಲ, ಹೆಣ ಹೊತ್ತವರು ಗದ್ದೆಯ ಕೆಸರಲ್ಲೇ ಹೋಗಬೇಕು.

ಆ ರಸ್ತೆಗಾಗಿ ವರ್ಷಗಟ್ಟಲೆ ಓಡಾಡಿ ಸೋತಿದ್ದ ಸದಸ್ಯರೊಬ್ಬರು ನಿಧಾನಕ್ಕೆ ಹೇಳಿದರು: "ಅಂಗಡಿ ಅಲ್ಲೇ ಇರ್ಲಿ ಮೇಡಂ. ಸತ್ತವರಿಗೆ ಕೊಡದ ರಸ್ತೆ ಗಿರಾಕಿಗಳಿಗಾದ್ರೂ ಕೊಡ್ತಾರೆ."

ಕಾವಲು

ನಮ್ಮ ಕಚೇರಿಯ ಹಿಂದೆ ಹೋಂಸ್ಟೇಗಳ ಕಸ ಬೇರ್ಪಡಿಸುವ ಶೆಡ್ ಇದೆ. ಒಂದು ಬೆಳಿಗ್ಗೆ ಅದರ ಪಕ್ಕದಲ್ಲಿ ಸೊಂಟದೆತ್ತರದ ಗಿಡವೊಂದು ಕಂಡಿತು. ಎಲೆ ನೋಡಿದೊಡನೆ ಗುರುತು ಸಿಕ್ಕಿತು. ಯಾವನೋ ಪ್ರವಾಸಿಯ ಕಸದಿಂದ ಬೀಜ ಬಿದ್ದಿರಬೇಕು. ಕಿತ್ತರೆ ಗಾಂಜಾ ಕೈಯಲ್ಲಿ ಹಿಡಿದವನಾಗುತ್ತೇನೆ. ಬಿಟ್ಟರೆ ಸರ್ಕಾರಿ ಜಾಗದಲ್ಲಿ ಬೆಳೆದವನಾಗುತ್ತೇನೆ. ಅಬಕಾರಿಯವರಿಗೆ ಫೋನ್ ಮಾಡಿದೆ.

"ಮುಟ್ಬೇಡಿ. ನಾವೇ ಬಂದು ಮಹಜರು ಮಾಡ್ಬೇಕು. ಅಲ್ಲೀವರೆಗೆ ಒಣಗದ ಹಾಗೆ ನೋಡ್ಕೊಳ್ಳಿ."

ಸುಡುವ ಬೇಸಿಗೆ. ಊರಿಗೆ ದಿನ ಬಿಟ್ಟು ದಿನ ನೀರು. ಆ ಗಿಡಕ್ಕೆ ಮಾತ್ರ ನಮ್ಮ ವಾಟರ್‌ಮ್ಯಾನ್ ದಿನಾ ಒಂದು ಕೊಡ ಸುರಿದ. ನಲ್ಲಿ ಮುಂದೆ ನಿಂತ ಹೆಂಗಸರ ಕಣ್ಣು ತಪ್ಪಿಸಿ ನಾನು ಆಫೀಸಿಗೆ ಹೋಗಿಬರುತ್ತಿದ್ದೆ.

ಕೊನೆಗೂ ಅಬಕಾರಿ ಜೀಪು ಬಂತು. ಹಿಂದೆ ಹೋಗಿ ನೋಡಿದರೆ ಮೋಟು ಬುಡ ಮಾತ್ರ ಇದೆ. ಪಕ್ಕದ ಮನೆಯ ಹಸು ಬೇಲಿ ನುಗ್ಗಿ ಹಿಂದಿನ ಸಂಜೆಯೇ ಮೇಯ್ದಿತ್ತು. ನನ್ನ ನೌಕರಿ ಹೋಯಿತೆಂದೇ ತಿಳಿದೆ. ಇನ್ಸ್‌ಪೆಕ್ಟರು ಹಸುವಿನ ಒಡತಿಯನ್ನು ಕರೆಸಿದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಹಸುವಿಗೆ ಏನಾದ್ರೂ ತೊಂದ್ರೆ ಆಯ್ತಾ?"

"ಏನಿಲ್ಲ ಸಾರ್. ದಿನಾ ಹಾಲು ಕರೆಯೋಕೆ ಹೋದ್ರೆ ಒದೀತಿತ್ತು. ಇವತ್ತು ಸುಮ್ನೆ ನಿಂತಿತ್ತು."

ಇನ್ಸ್‌ಪೆಕ್ಟರು ನಗದೆ ಮಹಜರು ಬರೆದರು. ನನ್ನ ತಪ್ಪಿಲ್ಲವೆಂದೂ ಸೇರಿಸಿದರು. ಬುಡ ಕೀಳಲು ಅವರು ಬಗ್ಗಿದಾಗ ಆಕೆ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅದನ್ನ ಇಲ್ಲೇ ಬಿಡೋಕಾಗುತ್ತಾ ಸಾರ್? ಚಿಗುರಿದ್ರೆ ಚಿಗುರ್ಲಿ. ಒದಿಯೋ ಹಸು ನಮ್ಮನೇಲಿ ಇನ್ನೊಂದಿದೆ."