ಮಂತ್ರಾಕ್ಷತಿ ಉದುರಿಸಿದ ಬೆಕ್ಕು

ಕಾಚಿಗೂಡದಾಗ ನಂದು ಪಶುವೈದ್ಯದ ದವಾಖಾನಿ. ಬೆಕ್ಕಿಗೆ ಮಾತು ಬಂದಿದ್ರ ನನ್ನ ಅರ್ಧ ಕೆಲಸ ಹಗುರ ಆಗ್ತಿತ್ತು. ಅದರ ಪರವಾಗಿ ಮನಿಯವರು ಮಾತಾಡ್ತಾರ ನೋಡ್ರಿ, ಪಜೀತಿ ಅಲ್ಲೇ ಸುರು. ಬ್ಯಾರೆ ಎಲ್ಲಾ ಬಿಡ್ರಿ, ಒಂದೇ ಮನಿದು ಹೇಳ್ತೀನಿ.

೧. ಪುಡಿ

ಗುಲ್ಬರ್ಗಾ ಕಡೆಯವರು. ಮಗ ಆಂಧ್ರ ಸರ್ಕಾರದ ನೌಕರ. ಒಂದಿನ ಚೀಲದಾಗ ಬೆಕ್ಕು ತಂದು ಮೇಜಿನ ಮ್ಯಾಲ ಇಟ್ಟು, ತನ್ನ ಪ್ಯಾಂಟು ಮ್ಯಾಲಕ್ಕೆ ಎತ್ತಿ ತೋರಿಸಿದ. "ನೋಡ್ರಿ ಡಾಕ್ಟರ್, ಹ್ಯಾಂಗ ಕಡದಾವ ಚಿಗಟ! ಐತವಾರ ಇದನ್ನ ಊರ ಹೊರಗ, ಶಂಶಾಬಾದ್ ಆಚೆ ಬಿಟ್ಟು ಬರ್ತೀನಿ."

ಹಿಂದೇ ಅವನ ವಯಸ್ಸಾದ ತಾಯಿ, ನಾ ಅಜ್ಜಿ ಅನ್ನೋರು, ಏದುಸಿರು ಬಿಡ್ತಾ ಬಂದ್ರು. "ಬ್ಯಾಡ ಅಂತ ಹೇಳ್ರಿ. ಇವರೆಲ್ಲಾ ಆಫೀಸಿಗೆ ಹೋದ್ರ ಓಣಿ ತುಂಬಾ ತೆಲುಗು, ಹಿಂದಿ. ದಿನಾಪೂರ್ತಿ ನನ್ನ ಕನ್ನಡ ಕೇಳೋದು ಇದೊಂದೇ."

ಮನುಷ್ಯಾಗ ತನ್ನ ಮಾತು ಕೇಳೋ ಎರಡು ಕಿವಿ ಬೇಕು, ಅವು ಯಾರವಾದ್ರೇನು? ಕೋಠಿ ಬಜಾರದಾಗ ಸಿಗೋ ಚಿಗಟದ ಪುಡಿ ಬರೆದುಕೊಟ್ಟು, "ಬೆಕ್ಕಿನ ಮೈಗೆ ಹಚ್ರಿ, ಗಾದಿ ಬಿಸಿಲಿಗೆ ಹಾಕ್ರಿ, ಚಿಗಟ ಹೋಗ್ತಾವ" ಅಂದೆ.

ಮಗ ಮೆಲ್ಲಕ ಕೇಳಿದ: "ಆ ಪುಡಿ ನನಗೂ ನಡೀತದೇನ್ರಿ?"

೨. ಮಡಿ

ಆಮ್ಯಾಲ ಆ ಕಡೆ ಹೋದಾಗ ನೋಡಿದ್ರ ಬೆಕ್ಕು ಇನ್ನೂ ಕೆರಕೊಳ್ಳಲಿಕ್ಕತ್ತಿತ್ತು.

"ಪುಡಿ ಹಚ್ಚಲಿಲ್ಲೇನ್ರಿ ಅಜ್ಜಿ?"

"ಮಡಿಯೊಳಗ ಔಷಧ ಹ್ಯಾಂಗ ಮುಟ್ಟಲಿ? ಚಮಚಾದಿಂದ ದೂರ ನಿಂತು ಉಗ್ಗಿದೆ."

"ಬೆಕ್ಕಿನ ಮ್ಯಾಲ ಬಿತ್ತೇನು?"

"ಅದೆಲ್ಲಿ ನಿಲ್ತದ, ಓಡಿಹೋತು. ಮಗನ ಆಫೀಸಿನ ಪ್ಯಾಂಟಿನ ಮ್ಯಾಲ ಬಿತ್ತು. ಅವಗ ಈಗ ಒಂದೂ ಕಡಿಯೂದಿಲ್ಲ!"

೩. ಪವಾಡ

ಕೆಲವು ದಿನಕ್ಕ ಅಜ್ಜಿ ತಾವೇ ಬಂದ್ರು. ಮುಖ ಅರಳಿತ್ತು. "ನಮ್ಮ ಬೆಕ್ಕು ಸಾಮಾನ್ಯ ಅಲ್ರಿ. ಮಲಗಿದಲ್ಲೆಲ್ಲಾ ಮಂತ್ರಾಕ್ಷತಿ ಬೀಳ್ತದ!"

ಮಠದ ಮಂತ್ರಾಕ್ಷತಿ ಕಾಲಿಗೆ ತಾಕಬಾರದು, ಕಂಡ್ರ ಎತ್ತಿ ತಲಿಮ್ಯಾಲ ಹಾಕ್ಕೋಬೇಕು ಅನ್ನೋ ಮನಿತನ ಅವರದು. ಸೆರಗಿನ ಗಂಟು ಬಿಚ್ಚಿ ತೋರಿಸಿದ್ರು. ಹಳದಿ ಹಳದಿ, ಒಣಗಿದ ಕಾಳು.

ಅಯ್ಯ ದೇವರ! ಲಾಡಿಹುಳದ ತುಣುಕು. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗ್ತದ. ಚಿಗಟದೊಳಗಿನ ಮರಿಹುಳ ಬೆಕ್ಕಿನ ಕರುಳಾಗ ಬೆಳೀತದ, ತುಣುಕು ತುಣುಕಾಗಿ ಹಿಂದಿನಿಂದ ಉದುರ್ತದ.

ಹೇಳಿದ್ರ ಮಗ ಬೆಕ್ಕನ್ನ ಶಂಶಾಬಾದಿಗೆ ಒಯ್ತಾನ. ಹೇಳದಿದ್ರ ಬೆಕ್ಕು ಸೊರಗ್ತದ. ಆ ಸಂತೋಷ ಕೆಡಿಸಲಿಕ್ಕೆ ಮನಸ್ಸೇ ಬರಲಿಲ್ಲ, ಆದರೂ ಹೇಳಿದೆ.

ಅಜ್ಜಿಯ ಕೈ ತಾನಾಗೇ ತಲಿಗೆ ಹೋತು. "ಇದಕ್ಕ ಔಷಧ ಅದನೇನ್ರಿ?"

"ಅದ. ಗುಳಿಗಿ ಕೊಡ್ತೀನಿ. ಈ ಸಲ ಪುಡಿ ನಾನೇ ಹಚ್ತೀನಿ."

"ಕೊಡ್ರಿ. ಮಗಗ ಮಾತ್ರ ಹೇಳಬ್ಯಾಡ್ರಿ."

"ಬೆಕ್ಕು ಬಿಟ್ಟು ಬರ್ತಾರಂತ ಅಂಜಿಕೇನು?"

"ಅದಲ್ರೀ! ಪ್ರಮೋಷನ್ ಇಂಟರ್ವ್ಯೂಗೆ ಹೋಗುವಾಗ ತಾನೇ ಬಗ್ಗಿ, ತಲಿಮ್ಯಾಲ ಇದನ್ನ ಹಾಕಿಸ್ಕೊಂಡು ಹೋಗ್ಯಾನ. ನಿನ್ನೆ ಆರ್ಡರ್ ಬಂತು. ಈಗ ಬೆಕ್ಕನ್ನ ತನ್ನ ಹಾಸಿಗಿ ಮ್ಯಾಲೇ ಮಲಗಿಸ್ಕೋತಾನ, ಇನ್ನೊಂದು ಪ್ರಮೋಷನ್ ಬೇಕಂತ!"