ಎಮ್ಮೆ ಎದ್ದು ನಿಂತ ದಿನ

ಕಳೆದ ತಿಂಗಳು ಜೀಪು ಒಂದು ಕಲ್ಲಿನ ಮೇಲೆ ಕುಕ್ಕಿದಾಗ, ಪಕ್ಕದ ಸೀಟಿನಲ್ಲಿದ್ದ ಅಮ್ಮ "ಅಯ್ಯೋ, ಸೊಂಟ" ಎಂದಿದ್ದರು. ಆಡಿದ್ದು ಎರಡೇ ಮಾತು. ಗಡಿಯಾರದವನ ನಿದ್ದೆ ಕೆಡಲು ಅಷ್ಟು ಸಾಕಾಯಿತು.

ಅವನು ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಅದರ ಜಾಗದಲ್ಲಿ ಕೂರಿಸುವ ಕೈ ಅವನದು. ಜೀಪು ತೀರಿಹೋದ ಅಪ್ಪನದು, ಅವನಿಗಿಂತ ಆರು ವರ್ಷ ದೊಡ್ಡದು. ಅದು ಕೆಸರಿನಲ್ಲಿ ಮಲಗಿದ ಹಾಗೆ ನೆಲಕ್ಕೆ ಅಂಟಿಕೊಂಡೇ ಇರುತ್ತಿದ್ದುದರಿಂದ ಬೀದಿಯವರೆಲ್ಲ ಅದಕ್ಕೆ 'ಎಮ್ಮೆ' ಎನ್ನುತ್ತಿದ್ದರು.

ಈ ದಿನ ಸಂಜೆಯೊಳಗೆ ಎಮ್ಮೆ ಬೆಟ್ಟ ಹತ್ತಲೇಬೇಕಿತ್ತು. ಅಮ್ಮನ ಅಕ್ಕ, ಅಂದರೆ ಅವನ ದೊಡ್ಡಮ್ಮ, ಹಳೆಯ ಕಲ್ಲುಕೋರೆಯ ಮೇಲಿನ ಮನೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಕೋರೆಯ ಟ್ರ್ಯಾಕ್ಟರಿನಲ್ಲಿ ಕೆಳಗಿಳಿದು ಮಗಳ ಜೊತೆ ದೂರದ ಊರಿಗೆ ಹೊರಟುಹೋಗುವವರು. ಅವರಿಗೆ ಎಂಬತ್ತೊಂದು, ಅಮ್ಮನಿಗೆ ಎಪ್ಪತ್ತಾರು. "ಈ ಸಲ ನೋಡದೆ ಹೋದರೆ..." ಎಂದು ಅಮ್ಮ ಒಂದು ದಿನ ಶುರುಮಾಡಿದ ಮಾತನ್ನು ಮನೆಯಲ್ಲಿ ಯಾರೂ ಮುಗಿಸಿರಲಿಲ್ಲ. ಆ ದಾರಿಯಲ್ಲಿ ಕಾರು ಹೋಗದು, ಕತ್ತಲಾದರೆ ಜೀಪೂ ಹೋಗದು. ನಾಲ್ಕು ಗಂಟೆಗೆ ಹೊರಡುವುದೆಂದು ತೀರ್ಮಾನವಾಗಿತ್ತು.

ದೂರದ ಅಂಗಡಿಯಿಂದ ತರಿಸಿದ್ದ ಹೊಸ ಸ್ಪ್ರಿಂಗುಗಳು ಹಿಂದಿನ ಸಂಜೆಯಷ್ಟೇ ಬಂದಿದ್ದವು. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಚಕ್ರಕ್ಕೊಂದು ಕಟ್ಟಿನಂತೆ ನಾಲ್ಕು ಕಟ್ಟು.

"ಗ್ಯಾರೇಜಿಗೆ ಕೊಡಬಾರ್ದಾ ರೀ?" ಎಂದಳು ಹೆಂಡತಿ.

"ಸ್ಪ್ರಿಂಗ್ ಅಂದ್ರೆ ಸ್ಪ್ರಿಂಗೇ ಕಣೇ. ಇದು ಸ್ವಲ್ಪ ದಪ್ಪ, ಅಷ್ಟೆ."

"ನಮ್ಮನೆ ಗೋಡೆ ಗಡಿಯಾರನೂ ಹೀಗೇ ಹೇಳಿ ಬಿಚ್ಚಿದ್ರಿ. ಅದಿನ್ನೂ ಬಿಸ್ಕತ್ ಡಬ್ಬದಲ್ಲಿದೆ."

ಅವನು ಕೆಲಸಕ್ಕೆ ಇಳಿದ. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ. ಬಿಚ್ಚುವ ಪ್ರತಿ ಬೋಲ್ಟಿಗೂ ನಂಬರು ಬರೆಯಲು ಸಣ್ಣ ಕುಂಚ, ಬಣ್ಣ ಇಟ್ಟುಕೊಂಡ. ತುಕ್ಕು ಹಿಡಿದ ಮೊದಲ ಬೋಲ್ಟಿಗೆ ಗಡಿಯಾರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ತೆಗೆದು ಒಂದು ತೊಟ್ಟು ಬಿಟ್ಟ.

ಕಾಂಪೌಂಡಿನ ಮೇಲಿಂದ ಒಂದು ತಲೆ ಮೂಡಿತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಪಕ್ಕದ ಮನೆಯವನದು. ಬೀದಿಗೆಲ್ಲ ಅವನು ಬಸ್ ಮಾವ.

"ಏನಯ್ಯಾ ಅದು, ಮಗು ಕಣ್ಣಿಗೆ ಔಷಧಿ ಹಾಕ್ತಿದ್ದೀಯಾ?"

ಅರ್ಧ ಲೀಟರ್ ಸೀಮೆಎಣ್ಣೆಯೊಂದಿಗೆ ಬಸ್ ಮಾವ ಒಳಗೆ ಬಂದ. ಸದ್ದು ಕೇಳಿ ಎದುರು ಮನೆಯ ಲೆಕ್ಕದ ಮೇಷ್ಟ್ರೂ ಬಂದರು. ಅವರ ಕೈಯಲ್ಲಿ ಅಳತೆಪಟ್ಟಿ ಇತ್ತು. ಕೆಲಸ ಮಾಡುವವನು ಒಬ್ಬ, ಹೇಗೆ ಮಾಡಬೇಕೆಂದು ಬಲ್ಲವರು ಇಬ್ಬರು ಎಂದಾದ ಮೇಲೆ ಕೆಲಸ ಅಲ್ಲಿಗೇ ನಿಂತಿತು.

ಬಾಗಿಲ ಬಳಿ ಜಗುಲಿಯ ಮೇಲೆ ಕುಳಿತಿದ್ದ ಅಮ್ಮ ಕರೆದರು. "ಲೋ ಮಗ, ಆ ಪಟ್ಟಿ ವಿಷಯ..."

"ಇರಮ್ಮಾ, ಒಂದ್ನಿಮಿಷ."

ಜಾಕು ಹಾಕಿದಾಗ ಎತ್ತರ ಸಾಲಲಿಲ್ಲ. ಒಳಗಿನಿಂದ ಮರದ ಸ್ಟೂಲು ತಂದು ಅಚ್ಚಿನ ಕೆಳಗೆ ಇಡಲು ಮೇಷ್ಟ್ರು ಸೂಚಿಸಿದರು. ಭಾರ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿ, ಸ್ಟೂಲು ತಡೆಯುತ್ತದೆಂದು ಬರೆದೂ ತೋರಿಸಿದರು. ಸ್ಟೂಲು ಆ ಲೆಕ್ಕವನ್ನು ಒಪ್ಪಲಿಲ್ಲ. ಅದರ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು. ಬೆಚ್ಚಿ ಹಿಂದೆ ಸರಿದ ಗಡಿಯಾರದವನ ಹಿಮ್ಮಡಿ ಅಮ್ಮನ ಹೂವಿನ ಪಾತಿಗೆ ಅಂಚು ಕಟ್ಟಿದ್ದ ತುಕ್ಕು ಕಬ್ಬಿಣಕ್ಕೆ ಬಡಿಯಿತು.

"ಅದು ನಾನು ಕೂರೋ ಸ್ಟೂಲು," ಎಂದಳು ಹೆಂಡತಿ, ಸತ್ತವರ ಬಗ್ಗೆ ಹೇಳುವ ದನಿಯಲ್ಲಿ.

ಇಟ್ಟಿಗೆ ಪೇರಿಸಿದರು. ಚಕ್ರ ಬಿಚ್ಚಿ ಗೇಟಿಗೆ ಆನಿಸಿದರು. ಬೋಲ್ಟುಗಳನ್ನು ಗರಗಸದಲ್ಲಿ ಕೊಯ್ದು ಹಳೆಯ ಕಟ್ಟನ್ನು ಕೆಳಗಿಳಿಸಿದಾಗ ಹತ್ತೂವರೆ ಗಂಟೆ. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ನೋಡತೊಡಗಿದ. ನೋಡುತ್ತ ನೋಡುತ್ತ ಅವನ ಮುಖ ಬಿಗಿಯಿತು.

"ಮಾವ, ಇಲ್ಲಿ ನೋಡಿ. ಹೊಸದರಲ್ಲಿ ಏಳು ಪಟ್ಟಿ. ಇದ್ರಲ್ಲಿ ಐದೇ ಇದೆ. ನಡುವಿನ ಬೋಲ್ಟಿನ ಮೇಲೆ ಇನ್ನೆರಡು ಪಟ್ಟಿ ಕೂತಿದ್ದ ಗುರುತಿದೆ. ಯಾರೋ ಬಿಚ್ಚಿ ತೆಗೆದಿದ್ದಾರೆ."

"ಕದ್ದಿದ್ದಾರೆ ಅನ್ನು."

"ನಾಲ್ಕು ಕಟ್ಟಿನಲ್ಲೂ ಹೀಗೇ ಇದ್ರೆ ಎಂಟು," ಎಂದರು ಮೇಷ್ಟ್ರು.

"ಮಗ, ಅದನ್ನೇ ನಾನು..." ಎಂದರು ಅಮ್ಮ.

"ಅಮ್ಮಾ, ಅಪ್ಪಂಗೆ ಮೋಸ ಆಗಿದೆ, ಸ್ವಲ್ಪ ಇರು!"

ಅದೇ ಹೊತ್ತಿಗೆ ಮೇಷ್ಟ್ರು ಗೇಟಿಗೆ ಒರಗಿದರು. ಗೇಟು ತೆರೆದುಕೊಂಡಿತು, ಚಕ್ರ ಹೊರಟಿತು. ಅವಸರವಿಲ್ಲದೆ, ಹಾದಿ ಗೊತ್ತಿರುವ ಹಾಗೆ ಬೀದಿಯ ಇಳಿಜಾರಿನಲ್ಲಿ ಉರುಳಿ, ಮೂಲೆಯ ಮೆಕ್ಯಾನಿಕ್ಕಿನ ಶೆಡ್ಡಿನೊಳಗೆ ಹೋಗಿ ಮಲಗಿತು. ಅಪ್ಪನ ಕಾಲದಿಂದಲೂ ಎಮ್ಮೆಯನ್ನು ನೋಡಿಕೊಂಡಿದ್ದವನು ಅವನೇ.

ಹಿಂದೆಯೇ ಓಡಿಬಂದ ಗಡಿಯಾರದವನು ಏದುಸಿರಿನಲ್ಲೇ ಕೇಳಿದ. "ನಮ್ಮ ಜೀಪಿನ ಎಂಟು ಪಟ್ಟಿ ಎಲ್ಲಿ?"

ಮುದುಕ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಎದ್ದ. "ಓ, ಅದಾ. ಅದು ನಿಮ್ಮಪ್ಪ..."

"ಅಪ್ಪಂಗೆ ಗೊತ್ತಾಗ್ಲಿಲ್ಲ, ಅವ್ರು ನಿಮ್ಮನ್ನ ನಂಬಿದ್ರು. ನಾನು ಗಡಿಯಾರ ನೋಡೋನು. ನನ್ನ ಕಣ್ಣಿಗೆ ಮಣ್ಣೆರಚಕ್ಕಾಗಲ್ಲ."

ಮೆಕ್ಯಾನಿಕ್ಕಿನ ಕೈ ನಿಂತಿತು. ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. "ಹಂಗಾದ್ರೆ ನಿಮ್ಮಪ್ಪನ್ನೇ ಕೇಳ್ಕೋ ತಮ್ಮಾ. ಅಲ್ಲೀವರೆಗೆ ನಾನು ಬಾಯಿ ಬಿಡಲ್ಲ."

ಚಕ್ರವನ್ನು ಮೇಲಕ್ಕೆ ತಳ್ಳಿಕೊಂಡು ಬಂದದ್ದಷ್ಟೇ ಲಾಭ.

ಆಮೇಲಿನ ತೊಂದರೆ ಬೇರೆಯದು. ಹೊಸ ಸ್ಪ್ರಿಂಗು ಪೈಲ್ವಾನನ ಮೈಯಂತೆ ಬಿಗಿಯಾಗಿತ್ತು. ಒಂದು ತುದಿ ಕೊಂಡಿಗೆ ಸೇರಿದರೆ ಇನ್ನೊಂದು ತುದಿ ಮೂರು ಬೆರಳು ಈಚೆಗೆ ನಿಲ್ಲುತ್ತಿತ್ತು.

"ಭಾರ ಬಿದ್ರೆ ಪಟ್ಟಿ ನೀಳ ಆಗತ್ತೆ. ಜನ ಕೂರಿಸು," ಎಂದ ಬಸ್ ಮಾವ. ಜನ ಕೂರಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬೀದಿಗೆ ಹೋಗಿ ಒಂದು ಕೂಗು ಹಾಕಿದ್ದೇ, ಕೈಚೀಲ ಹಿಡಿದವರು, ಹಾಲು ತರಲು ಹೊರಟವರು ಎಲ್ಲ ಬಂದು ಹತ್ತಿದರು. ನಿಂತ ಜೀಪಿನಲ್ಲಿ ಎಂಟು ಜನ ಎಲ್ಲಿಗೋ ಹೊರಟವರಂತೆ ಮುಂದೆ ನೋಡುತ್ತ ಗಂಭೀರವಾಗಿ ಕುಳಿತರು. ಕೊನೆಗೆ ಹತ್ತಿದವನು ಮೆಕ್ಯಾನಿಕ್ಕು. ಬಾಯಿ ಬಿಡುವುದಿಲ್ಲವೆಂದಿದ್ದ, ಕೂರುವುದಿಲ್ಲವೆಂದೇನೂ ಹೇಳಿರಲಿಲ್ಲ.

"ಇನ್ನೂ ಸ್ವಲ್ಪ ಒಳಗೆ ಹೋಗಿ, ಒಳಗೆ ಹೋಗಿ," ಎಂದ ಬಸ್ ಮಾವ.

ಒಂದೊಂದು ತುದಿಯೂ ಕೊಂಡಿಗೆ ಕೂತಾಗ ಎಂಟೂ ಜನ ಚಪ್ಪಾಳೆ ತಟ್ಟಿದರು. ನಾಲ್ಕು ಚಕ್ರ, ನಾಲ್ಕು ಚಪ್ಪಾಳೆ. ಗಡಿಯಾರದವನು ಅದೇ ಪಾತಿಯ ಕಬ್ಬಿಣಕ್ಕೆ ಇನ್ನೆರಡು ಬಾರಿ ಎಡವಿ, ಕಾಲಿನ ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಂಡಿದ್ದ. ಕೊನೆಯ ನಟ್ಟು ಬಿಗಿದಾಗ ನಾಲ್ಕಕ್ಕೆ ಐದು ನಿಮಿಷ ಇತ್ತು.

ಎಲ್ಲರೂ ಇಳಿದರು. ಇಪ್ಪತ್ತು ವರ್ಷ ಮಲಗಿದ್ದ ಎಮ್ಮೆ ನಿಧಾನವಾಗಿ ಎದ್ದು ನಿಂತಿತು. ಎಂಥ ನಿಲುವು! ಬೀದಿಯವರೆಲ್ಲ ಕತ್ತೆತ್ತಿ ನೋಡಿದರು. ಮೇಷ್ಟ್ರು ಅಳತೆಪಟ್ಟಿ ಹಿಡಿದು, "ಏಳೂವರೆ ಇಂಚು ಮೇಲೆ," ಎಂದು ಘೋಷಿಸಿದರು.

"ಇನ್ನು ಕುಕ್ಕೋ ಮಾತೇ ಇಲ್ಲಮ್ಮ. ಬಾ, ಕೂತ್ಕೋ," ಎಂದ ಗಡಿಯಾರದವನು. ಅವನ ಮುಖ ಬೆಳಗುತ್ತಿತ್ತು.

ಅಮ್ಮ ಒಗೆದ ಸೀರೆಯುಟ್ಟು, ಅಕ್ಕನಿಗಾಗಿ ಹೆಣೆದ ಉಣ್ಣೆಯ ಶಾಲನ್ನು ಎದೆಗವಚಿಕೊಂಡು ಬಂದರು. ಜೀಪಿನ ಅಂಚಿಗೆ ಕೈಯಿಟ್ಟು ಬಲಗಾಲು ಎತ್ತಿದರು. ಕಾಲು ಒಂದು ಗೇಣು ಮೇಲೇರಿ ನಿಂತಿತು. ಎಡಗಾಲನ್ನೂ ಎತ್ತಿ ನೋಡಿದರು. ಅದೂ ಅಷ್ಟಕ್ಕೇ ನಿಂತಿತು. ಜೀಪಿನ ನೆಲ ಈಗ ಅವರ ಸೊಂಟದ ಹತ್ತಿರ ಇತ್ತು.

"ಸ್ಟೂಲ್ ತಗೊಂಡ್ ಬಾರೇ," ಎಂದ ಗಡಿಯಾರದವನು.

ಹೆಂಡತಿ ಸ್ಟೂಲಿನ ಒಂದು ಕಾಲನ್ನು ತಂದು ಅವನ ಕೈಗಿತ್ತಳು.

"ಎಲ್ಲರೂ ಮತ್ತೆ ಹತ್ತಿದ್ರೆ ಇಳಿಯತ್ತೆ," ಎಂದರು ಮೇಷ್ಟ್ರು.

"ಆಮೇಲೆ ಅವ್ರು ಕೂರೋದು ನಿಮ್ಮ ತಲೆ ಮೇಲಾ ಮೇಷ್ಟ್ರೇ?" ಎಂದ ಬಸ್ ಮಾವ.

ಅಮ್ಮ ಮಗನ ಭುಜ ಹಿಡಿದರು. ಈಗ ಯಾರೂ ಅಡ್ಡ ಮಾತಾಡಲಿಲ್ಲ. "ಬೆಳಿಗ್ಗೆಯಿಂದ ಇದನ್ನೇ ಹೇಳ್ತಿದ್ದೀನಿ ಕಂದ. ನನ್ನ ಮಂಡಿ ಕೆಟ್ಟಾಗ ನಿಮ್ಮಪ್ಪನೇ ಆ ಪಟ್ಟಿ ತೆಗೆಸಿದ್ದು. 'ಗಾಡಿ ಕುಕ್ಕಿದ್ರೆ ಕುಕ್ಲಿ, ನೀನು ನನ್ನ ಪಕ್ಕ ಹತ್ತಿ ಕೂತ್ರೆ ಸಾಕು' ಅಂದ್ರು."

"ಬಿಚ್ಚಿದ್ದು ನಾನೇ," ಎಂದ ಮೆಕ್ಯಾನಿಕ್ಕು, ಆಕಾಶ ನೋಡುತ್ತ.

"ಮತ್ತೆ... ಆ ಎಂಟು ಪಟ್ಟಿ ಎಲ್ಲಿ?"

ಅಮ್ಮ ಹೂವಿನ ಪಾತಿಯ ಕಡೆ ಕೈ ತೋರಿಸಿದರು. ಮೇಷ್ಟ್ರು ಹೋಗಿ ಎಣಿಸಿದರು. ಸರಿಯಾಗಿ ಎಂಟಿದ್ದವು.

ಗಡಿಯಾರದವನು ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ಮೆಕ್ಯಾನಿಕ್ಕಿನ ಮುಂದೆ ನಿಂತು, "ನನ್ನ ಮಾತು ತಪ್ಪಾಯ್ತು," ಎಂದ.

"ಆಯ್ತು, ಬಿಡು. ಇದ್ರಲ್ಲೂ ಎರಡೆರಡು ತೆಗೀಬಹುದು. ಆದ್ರೆ ಇವತ್ತು ಆಗಲ್ಲ."

ಬಿಸಿಲು ಆಗಲೇ ಕಾಂಪೌಂಡಿನಿಂದ ಇಳಿಯುತ್ತಿತ್ತು. ಗಡಿಯಾರದವನು ಜೀಪಿನ ಪಕ್ಕಕ್ಕೆ ಹೋಗಿ, ಮಂಡಿಯೂರಿ, ಎರಡೂ ಅಂಗೈ ನೆಲಕ್ಕೆ ಊರಿದ. ಬೆನ್ನು ಸಮವಾಗಿದೆಯೋ ಎಂದು ಮೇಷ್ಟ್ರು ಬಗ್ಗಿ ನೋಡಿದರು. ಹೆಂಡತಿ ಅತ್ತೆಯ ಒಂದು ಕೈ ಹಿಡಿದಳು, ಮೆಕ್ಯಾನಿಕ್ಕು ಇನ್ನೊಂದನ್ನು.

"ನೋವಾಗತ್ತೇನೋ?" ಎಂದು ಮೇಲಿನಿಂದ ಅಮ್ಮ ಕೇಳಿದರು.

"ಇಲ್ಲಮ್ಮ." ನೋವಾಯಿತು. ಆದರೆ ಅವನು ನೆನೆಸಿದ್ದಕ್ಕಿಂತ ಅಮ್ಮ ಎಷ್ಟೋ ಹಗುರವಾಗಿದ್ದರು. ಅದು ಬೇರೆಯ ನೋವು.

ಕೋರೆಯ ದಾರಿಯಲ್ಲಿ ಎಮ್ಮೆ ಒಮ್ಮೆಯೂ ಕುಕ್ಕಲಿಲ್ಲ. ಬೆಟ್ಟದ ಮೇಲೆ ಅಮ್ಮ ಇಳಿಯುವಾಗ ಅವನು ಇನ್ನೊಮ್ಮೆ ಮಂಡಿಯೂರಿದ. ಅಕ್ಕ ತಂಗಿ ಒಬ್ಬರ ಕೈ ಒಬ್ಬರು ಹಿಡಿದು ಕುಳಿತರು. ಶಾಲು ಇಬ್ಬರ ಮಡಿಲ ಮೇಲೂ ಇತ್ತು. ಅವನು ಬಾಗಿಲಲ್ಲಿ ಬೆನ್ನು ನೀವಿಕೊಳ್ಳುತ್ತ ನಿಂತ. ಇನ್ನು ಕತ್ತಲಾಗುವ ಮೊದಲು ಅಮ್ಮನನ್ನು ಒಂದು ಸಲ ಹತ್ತಿಸಿ, ಮನೆಯಲ್ಲಿ ಒಂದು ಸಲ ಇಳಿಸಿದರೆ ಮುಗಿಯಿತು.

ಅಷ್ಟರಲ್ಲಿ ದೊಡ್ಡಮ್ಮನ ಕಣ್ಣು ಅಂಗಳಕ್ಕೆ ಹೋಯಿತು.

"ಇದು ಆ ಹಳೇ ಜೀಪೇನಾ? ಎಷ್ಟು ಚೆನ್ನಾಗಿ ಮಾಡ್ಸಿದ್ದೀಯಪ್ಪಾ! ಕುಕ್ಕಲ್ವಂತೆ?"

"ಇಲ್ಲ ದೊಡ್ಡಮ್ಮ."

"ಹಂಗಾದ್ರೆ ನಂಗೆ ಆ ಟ್ರ್ಯಾಕ್ಟರ್ ಬೇಡ. ನಿಮ್ಮ ಜೊತೆ ಈಗ್ಲೇ ಬಂದ್ಬಿಡ್ತೀನಿ, ರಾತ್ರಿಯೆಲ್ಲ ಇವಳ ಹತ್ರ ಮಾತಾಡ್ತಾ ಮಲಗ್ತೀನಿ. ಬೆಳಿಗ್ಗೆ ನೀನೇ ಬಸ್ಸಿಗೆ ಬಿಡು, ಮಗಳು ಅಲ್ಲಿಗೇ ಬರ್ತಾಳೆ."

ದೊಡ್ಡಮ್ಮ ಅಮ್ಮನಂತಿರಲಿಲ್ಲ. ಒಳ್ಳೆಯ ಮೈಕಟ್ಟಿನವರು.

ಅಮ್ಮನ ಮುಖ ಬೆಳಗಿದ್ದನ್ನು ಅವನು ನೋಡಿದ. ಅಂಗಿಯ ತೋಳು ಮಡಿಸಿಕೊಂಡು ಜೀಪಿನ ಪಕ್ಕಕ್ಕೆ ನಡೆದ.